ಚಿಟ್ಟು ಬಿಡದ ಬಳ್ಳಿ

ಹೊಂಗೆ ಕಾಡಿನ ಅಂಚಿಗೆ ಒಂದು ಕೆರೆ. ಕೆರೆಯ ಏರಿಯ ಕೆಳಗೆ ನಾಯಿಗಳ ಕೇರಿ. ಆ ಕೇರಿಯಲ್ಲಿ ಒಬ್ಬಳೇ ಒಬ್ಬಳು ಮುದಿ ಕತ್ತೆ, ನಿಂಗಜ್ಜಿ. ಬೆಳಿಗ್ಗೆ ತಾಯಿನಾಯಿಗಳು ಆಹಾರ ಹುಡುಕಲು ಹೊರಟರೆ, ಮರಿಗಳನ್ನು ತಿರುಗಾಡಿಸಿಕೊಂಡು ಬರುವವಳು ಅವಳೇ.

ಅವಳ ಪದ್ಧತಿ ಕೇಳಿ ಮಕ್ಕಳೇ. ಕೊರಳಿಗೆ ನಾಲ್ಕು ಬಳ್ಳಿ ಕಟ್ಟಿಕೊಳ್ಳುವಳು. ಒಂದೊಂದರ ತುದಿಯನ್ನು ಒಂದೊಂದು ಮರಿ ಕಚ್ಚಿ ಹಿಡಿಯಬೇಕು. "ಏನೇ ಆದರೂ ಬಳ್ಳಿ ಬಿಡಬಾರದು" ಎಂಬುದೊಂದೇ ಕಟ್ಟಳೆ. ಬಳ್ಳಿ ಜಗ್ಗುವ ರೀತಿಯಲ್ಲೇ ಅಜ್ಜಿಗೆ ಎಲ್ಲ ತಿಳಿಯುತ್ತಿತ್ತು. ಇವನಿಗೆ ಬಾಯಾರಿದೆ, ಇವನು ಅಳಿಲು ಕಂಡ, ಚಿಟ್ಟುವಿನ ಕಾಲು ಸೋತಿತು. ಚಿಟ್ಟು ಎಲ್ಲರಿಗಿಂತ ಚಿಕ್ಕವಳು. ಅವಳ ನಡಿಗೆಗೆ ತಕ್ಕಂತೆ ಅಜ್ಜಿಯೂ ಮೆಲ್ಲಗೆ ನಡೆಯುತ್ತಿದ್ದಳು.

ಒಂದು ದಿನ ಪಕ್ಕದ ಕೇರಿಯ ಕೆಂಚವ್ವ ಎಂಬ ನಾಯಿ ತನ್ನ ಐದು ಮರಿಗಳೊಂದಿಗೆ ಬಂದಳು.

"ಅಜ್ಜೀ, ನಿನ್ನಂಥವಳು ಈ ಸೀಮೆಯಲ್ಲೇ ಇಲ್ಲ! ಇವರನ್ನೂ ಕರಕೊಂಡು ಹೋಗು."

"ಒಂಬತ್ತಾಗುತ್ತವಲ್ಲ ಅಜ್ಜಿ, ನಿನ್ನಿಂದ ಆದೀತೇ?" ಎಂದಳು ಚಿಟ್ಟುವಿನ ತಾಯಿ ಬೆಳ್ಳಿ.

"ಒಂಬತ್ತೇನೇ, ಹತ್ತೊಂಬತ್ತು ತಾ!" ಎಂದು ನಿಂಗಜ್ಜಿ ಕಿವಿ ನಿಮಿರಿಸಿದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಅಜ್ಜಿಗೆ ಇದ್ದದ್ದು ನಾಲ್ಕು ಕಾಲು, ನಾಲ್ಕನ್ನೂ ಚಾಚಿಬಿಟ್ಟಳು.

ದಾರಿಯಲ್ಲಿ ಒಂಬತ್ತು ಬಳ್ಳಿ ಒಂದಕ್ಕೊಂದು ಸುತ್ತಿಕೊಂಡವು. ಜಗ್ಗಿದವರು ಯಾರು, ನಿಂತವರು ಯಾರು, ಒಂದೂ ತಿಳಿಯಲಿಲ್ಲ. 'ಯಾರೂ ಕೂಗುತ್ತಿಲ್ಲ, ಎಲ್ಲ ಸುಖವಾಗಿದ್ದಾರೆ' ಎಂದುಕೊಂಡು ಅಜ್ಜಿ ಬಿರಬಿರನೆ ನಡೆದಳು. ಬಾಯಲ್ಲಿ ಬಳ್ಳಿ ಕಚ್ಚಿಕೊಂಡವರು ಕೂಗುವುದಾದರೂ ಹೇಗೆ? ಪಾಪ, ಅಷ್ಟು ಹೊಳೆಯಲಿಲ್ಲ ಅವಳಿಗೆ.

ಆಲದ ಮರ ತಲುಪಿ ಹಿಂತಿರುಗಿ ನೋಡಿದರೆ ಮರಿಗಳು ಎಂಟೇ! ಒಂದು ಬಳ್ಳಿ ತುದಿ ಕಡಿದು ಮಣ್ಣಲ್ಲಿ ಹೊರಳುತ್ತಿತ್ತು.

ನಿಂಗಜ್ಜಿ, "ಮರದ ಬುಡ ಬಿಟ್ಟು ಕದಲಬೇಡಿ!" ಎಂದು ಎಂಟಕ್ಕೂ ಹೇಳಿ, ಬಂದ ದಾರಿಯಲ್ಲೇ ಓಡಿದಳು.

ಕೆರೆಯ ಅಂಚಿನಲ್ಲಿ ಚಿಟ್ಟು ಒಂಟಿಯಾಗಿ ಕೂತಿದ್ದಳು. ಅವಳ ಅಂಗಾಲಿಗೆ ಜಾಲಿ ಮುಳ್ಳು ನಾಟಿತ್ತು. ನಾಲ್ಕು ಮಾರು ದೂರದ ನೀರಿನಲ್ಲಿ ಮೊಸಳೆಯ ಎರಡು ಕಣ್ಣು ಮೆಲ್ಲಗೆ ತೇಲಿ ಬರುತ್ತಿದ್ದವು. ಅಜ್ಜಿ ಕೆರೆಯೇ ನಡುಗುವಂತೆ ಅರಚುತ್ತ ನುಗ್ಗಿ, ಮರಿಯ ಕತ್ತಿನ ತೊಗಲು ಕಚ್ಚಿ ಏರಿಯ ಮೇಲಕ್ಕೆ ಎತ್ತಿ ತಂದಳು. ಮೊಸಳೆ ಮುಳುಗಿಹೋಯಿತು.

"ಒಂದು ಸಲ ಕೂಗಬಾರದಿತ್ತೇ, ನನ್ನ ಕಂದಾ?"

ಚಿಟ್ಟು ಬಾಯಿ ತೆರೆಯಲಿಲ್ಲ. ಆಗ ಅಜ್ಜಿ ನೋಡಿದಳು. ಕಡಿದ ಬಳ್ಳಿಯ ಗೇಣುದ್ದ ತುಂಡು ಇನ್ನೂ ಆ ಪುಟ್ಟ ಹಲ್ಲುಗಳ ನಡುವೆ ಇತ್ತು.

"ಬಿಡು ಮರಿ, ಈಗ ಬಿಡು."

ಚಿಟ್ಟು ಬಿಟ್ಟಳು. "ಏನೇ ಆದರೂ ಬಿಡಬಾರದು ಅಂದಿದ್ದೆಯಲ್ಲ, ಅಜ್ಜಿ" ಎಂದಳು.

ನಿಂಗಜ್ಜಿ ಅತ್ತುಬಿಟ್ಟಳು. ಮರುದಿನದಿಂದ ಅವಳ ಕೊರಳಲ್ಲಿ ಮತ್ತೆ ನಾಲ್ಕೇ ಬಳ್ಳಿ. ಕೆಂಚವ್ವನ ಮರಿಗಳಿಗೆ ಬೇರೆ ಸರದಿ. ಪ್ರತಿ ತಿರುವಿನಲ್ಲೂ ಅಜ್ಜಿ ನಿಂತು, "ಬಳ್ಳಿ ಬಿಟ್ಟು ಒಂದು ಸಲ ಬೊಗಳಿರಿ, ಕೇಳೋಣ" ಎನ್ನುತ್ತಿದ್ದಳು. ಚಿಟ್ಟುವಿನ ದನಿ ಕೇಳಿದ ಮೇಲೆಯೇ ಮುಂದಿನ ಹೆಜ್ಜೆ.

ನೀತಿ: ಹೊಗಳಿಕೆಗೆ ಉಬ್ಬಿ ಕೈಮೀರಿದ ಹೊಣೆ ಹೊರಬೇಡ, ನಂಬಿ ಬಂದವರಲ್ಲಿ ಸುಮ್ಮನಿರುವವರನ್ನೇ ಮೊದಲು ವಿಚಾರಿಸು.