ರಾಜಮಾತೆಯ ಒದ್ದೆ ಮಡಿ

"ಕೇಳ್ರಪ್ಪೋ ಕೇಳಿ! ರಾಜಮಾತೆ ಹೊನ್ನಾಂಬೆಯವರು ಮೂರು ಒಗಟು ಒಡ್ಡಿದ್ದಾರೆ. ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವನ ತಲೆ ಹುಣ್ಣಿಮೆಗೆ ಉರುಳುತ್ತದೆ!"

ಡಂಗುರ ಕೇಳಿ ಹೊಳೆಯಲ್ಲಿ ನಿಂತಿದ್ದ ಮಡಿವಾಳರ ಮಾಚ ಬಡಿಯುತ್ತಿದ್ದ ಬಟ್ಟೆಯನ್ನು ಬಂಡೆಯ ಮೇಲೇ ಬಿಟ್ಟ. ಜೀವದ ಆಸೆ ಯಾರಿಗಿಲ್ಲ ಹೇಳಿ? ಆದರೆ ಹಾಸಿಗೆ ಹಿಡಿದ ರಾಜಮಾತೆಯ ಹಾಸುಬಟ್ಟೆ ಒಗೆಯುವವನು ಅವನೇ. ಆರು ತಿಂಗಳಿಂದ ಅದರಲ್ಲಿ ರಕ್ತದ ಕಲೆ. ಅವನ ತಾಯಿಯೂ ನಾಲ್ಕು ವರ್ಷ ಮಲಗಿದ್ದಲ್ಲೇ ಇದ್ದು ಹೋದವಳು. ಅದು ಮಲಗಿ ಮಲಗಿ ಆದ ಹುಣ್ಣಿನ ಕಲೆಯೆಂದು ಅವನಿಗೆ ಗೊತ್ತು. ಒಗಟಿನ ನೆಪದಲ್ಲಾದರೂ ಅವಳಿಗೆ ಆರೈಕೆ ಹೇಳೋಣವೆಂದು ಅರಮನೆಗೆ ಹೊರಟೇಬಿಟ್ಟ.

ಅಷ್ಟರಲ್ಲಿ ಇಬ್ಬರು ಪಂಡಿತರು ಸೆರೆ ಸೇರಿಯಾಗಿತ್ತು. ಹಲ್ಲಿಲ್ಲದೆ ಮೈ ತಿನ್ನುವುದು ಯಾವುದು ಎಂಬ ಮೊದಲ ಒಗಟಿಗೆ ಒಬ್ಬ ಹಸಿವು ಎಂದಿದ್ದ, ಇನ್ನೊಬ್ಬ ಚಿಂತೆ ಎಂದಿದ್ದ. ಅಬ್ಬಬ್ಬಾ, ಪಂಡಿತರೇ!

ಪರದೆಯ ಹಿಂದಿನಿಂದ ರಾಜಮಾತೆ ಮಾಚನಿಗೂ ಅದನ್ನೇ ಕೇಳಿದಳು.

ಮಾಚ ಕೈಮುಗಿದ. "ನೀರು, ಅವ್ವಾರೇ. ಹರಿದುಹೋದರೆ ಏನಿಲ್ಲ, ಮೈಮೇಲೆ ನಿಂತರೆ ತಿನ್ನುತ್ತೆ. ಬೇಕಾದ್ರೆ ನಮ್ಮ ಕಾಲ್ಬೆರಳ ಸಂದಿ ನೋಡಿ. ಬೆವರೂ ಹಾಗೇ. ಉಚ್ಚೆಯಂತೂ ಇನ್ನೂ ಉರಿ."

ತುಂಬಿದ ಸಭೆಯಲ್ಲಿ ಉಚ್ಚೆಯ ಮಾತೇ! ರಾಜ ಕತ್ತಿಗೆ ಕೈಹಾಕಿದ.

"ಸುಮ್ನಿರೋ ಬೊಮ್ಮಣ್ಣ" ಎಂದಳು ತಾಯಿ. "ಎರಡನೆಯದು. ಕೊಳೆ ಹೋಗಬೇಕು, ತಿಕ್ಕಬಾರದು. ನೀರು ಹೋಗಬೇಕು, ಒರೆಸಬಾರದು. ಹೇಗೆ?"

"ಉಗುರುಬೆಚ್ಚಗಿನ ನೀರಲ್ಲಿ ಮೆಲ್ಲಗೆ ತೊಳೆದು, ಹಳೇ ಹತ್ತಿಬಟ್ಟೆ ಒತ್ತಿ ಒತ್ತಿ ತೇವ ತೆಗೀಬೇಕು. ಬಟ್ಟೆನ ಬಂಡೆಗೆ ಬಡೀತೀವಿ ಅಂತ ಅವ್ವನ ಮೈನೂ ಬಡಿಯೋಕಾಗುತ್ತಾ?"

"ಮೂರನೆಯದು." ಮುದುಕಿಯ ದನಿ ಒಡೆಯಿತು. "ಮಳೆ ನಿಲ್ಲೋದಿಲ್ಲ, ಮಣ್ಣಿನ ಗೋಡೆ ನೆನೀಬಾರದು. ಏನು ಮಾಡಲಿ?"

"ಮಳೆಗೆ ಮುಂಚೆ ಗೋಡೆಗೆ ಬಳೀಬೇಕು. ಎಳ್ಳೆಣ್ಣೆಲಿ ಜೇನುಮೇಣ ಕರಗಿಸಿ ತೆಳ್ಳಗೆ ಸವರಿ. ಒದ್ದೆಯಾದ ಕೂಡಲೇ ಬಟ್ಟೆ ಬದಲಿಸಿ, ಆಗಾಗ ಮಗ್ಗುಲು ಹೊರಳಿಸಿ. ಆಮೇಲೆ..." ಅರಮನೆಯ ಮಡಿಗೆ ಬಾಯಿಹಾಕಿ ಯಾರು ಬದುಕಿದ್ದಾರೆ? "ದಿನಾ ಬೆಳಗ್ಗೆ ಹಿಂಡಿ ಉಡಿಸೋ ಆ ಒದ್ದೆ ಮಡಿ ಬಿಡಿಸಿ, ಅವ್ವಾರೇ. ಒಣಗಿಸಿ ಉಡಿಸಿದರೆ ದೇವರೇನೂ ಮುನಿಯೋದಿಲ್ಲ."

"ಉತ್ತರ ಸರಿಯೇ, ಅಮ್ಮಾ?" ಎಂದ ರಾಜ.

"ಗೊತ್ತಿದ್ದರೆ ಕೇಳ್ತಿದ್ನೇನೋ? ಇವನು ಹೇಳಿದಂಗೆ ಮಾಡಿ. ಹುಣ್ಣಿಮೆಗೆ ಎಂಟು ದಿನ ಇದೆಯಲ್ಲ."

ಆ ಎಂಟು ದಿನ ಮಾಚ ಕಾವಲಿನ ನಡುವೆಯೇ ದಾಸಿಯರಿಗೆ ಮೇಣ ಕಾಯಿಸಲು, ಬಟ್ಟೆ ಒತ್ತಲು ಹೇಳಿಕೊಟ್ಟ. ಹುಣ್ಣಿಮೆಯ ಬೆಳಗ್ಗೆ ಅವನನ್ನು ಎಳೆತಂದರು. ಪರದೆ ಸರಿದಿತ್ತು. ರಾಜಮಾತೆ ಲೋಡಿಗೆ ಒರಗಿ ಕೂತಿದ್ದಳು, ನಗುತ್ತಿದ್ದಳು.

"ಹುಣ್ಣು ಒಣಗ್ತಾ ಇದೆ ಕಣೋ ಮಗಾ. ರಾತ್ರಿಯೆಲ್ಲಾ ನಿದ್ದೆ ಮಾಡಿದೆ. ಹಾಸಿಗೆ ಒದ್ದೆಯಾಗುತ್ತೆ ಅಂತ ಬಾಯಿಬಿಟ್ಟು ಹೇಳೋಕೆ ನಾಚಿಕೆ, ಅದಕ್ಕೇ ಒಗಟು ಕಟ್ಟಿದೆ. ತಲೆ ತೆಗೆಯೋ ಮಾತು ಸೇರಿಸಿದ್ದು ಈ ನನ್ನ ಮಗ."

ಮಾಚ ಉಸ್ಸಪ್ಪಾ ಎಂದು ಅಲ್ಲೇ ಕುಸಿದು ಕೂತ. ಏನು ಬೇಕೆಂದು ಕೇಳಿದಾಗ ಪಂಡಿತರಿಬ್ಬರ ತಲೆ ಉಳಿಸಿರೆಂದ. ರಾಜ ಅವರನ್ನು ಬಿಡಿಸಿದ, ಮಾಚನಿಗೆ ಹೊಳೆದಂಡೆಯ ಹೊಲವನ್ನೂ ಬರೆದುಕೊಟ್ಟ.

ಆಮೇಲೆ ಕಿರೀಟ ತೆಗೆದಿಟ್ಟು, ಒಣಗಿದ ಹತ್ತಿಬಟ್ಟೆಯೊಂದನ್ನು ಎತ್ತಿಕೊಂಡು ತಾಯಿಯ ಬಳಿ ಕೂತ. "ಹೇಗೆ ಒತ್ತಬೇಕು ಮಾಚಣ್ಣಾ, ನನಗೂ ತೋರಿಸು" ಎಂದ.