ಗರಗಸದ ಶ್ರುತಿ

"ಬುದ್ಧಿ, ಇಷ್ಟೆಲ್ಲ ಬಿಟ್ಟರೂ ನನ್ನ ಮನಸ್ಸು ಇನ್ನೂ ಯಾಕೆ ತೊದಲುತ್ತದೆ?" ಎಂದು ಮರುಳಯ್ಯ ಸ್ವಾಮಿಗಳನ್ನು ಕೇಳಿದ.

ಅಷ್ಟು ಕೇಳುವುದರಲ್ಲೇ ಅವನಿಗೆ ಸುಸ್ತಾಯಿತು. ಮಠದ ಔಷಧಾಲಯದಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಅವನ ಕೆಲಸ. ದಿನವಿಡೀ ದುಡಿದು ಸಂಜೆ ಜಪಕ್ಕೆ ಕುಳಿತರೆ ಮನಸ್ಸು ಎಡವುತ್ತಿತ್ತು. ಉಣ್ಣುವುದು ಹೆಚ್ಚಾಯಿತೇನೋ ಎಂದು ರಾತ್ರಿಯ ಊಟ ಬಿಟ್ಟ. ಜಪ ಒಂದಿಷ್ಟು ನೆಟ್ಟಗಾದಂತೆ ಕಂಡಿತು. ನಿದ್ದೆಯನ್ನೂ ಕಡಿಮೆ ಮಾಡಿದ. ಕೆಲವು ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಹಾಡು. ಈಗ ಕಣ್ಣು ಗುಳಿ ಬಿದ್ದಿತ್ತು, ನಿಂತರೆ ಕಾಲು ನಡುಗುತ್ತಿತ್ತು. ಉಳಿದದ್ದು ರೋಗಿಗಳ ಸೇವೆ ಒಂದೇ. ಅದನ್ನೂ ಬಿಟ್ಟು ಮೌನಕ್ಕೆ ಕೂರಲು ಅಪ್ಪಣೆ ಕೊಡಿ ಎಂದೂ ಬೇಡಿದ.

ಸ್ವಾಮಿಗಳು ಆಗಲಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಕೂರು ಎಂದು ಕತೆ ಹೇಳತೊಡಗಿದರು. ಮರುಳಯ್ಯನಿಗೆ ಕತೆ ಬೇಕಿರಲಿಲ್ಲ. ಆದರೂ ಗೋಡೆಗೆ ಒರಗಿ ಕುಳಿತ.

ಒಂದೂರಲ್ಲಿ ಇಬ್ಬರು ಅಣ್ಣತಮ್ಮಂದಿರು. ಮರ ಕೊಯ್ಯುವುದು ಅವರ ಕಸುಬು. ಕೈಗರಗಸ ಎಳೆದೆಳೆದು ಇಬ್ಬರ ರಟ್ಟೆಯೂ ಬಿದ್ದುಹೋಗಿತ್ತು. ಕೊನೆಗೆ ಹೇಗೋ ಮಾಡಿ ಪೆಟ್ರೋಲಿನಲ್ಲಿ ಓಡುವ ಒಂದು ಸಣ್ಣ ಗರಗಸ ತಂದರು. ಎರಡು ಸಂಸಾರದ ಅನ್ನ ಅದರ ಮೇಲೆಯೇ ನಿಂತಿತು.

ಆ ಗರಗಸದ ಕಾರ್ಬೊರೇಟರಿಗೆ ಒಂದು ತಿರುಪು ಇತ್ತು. ಆ ಕಡೆ ತಿರುಗಿಸಿದರೆ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು, ಈ ಕಡೆ ತಿರುಗಿಸಿದರೆ ಕಡಿಮೆ. ಎಂಜಿನ್ ಸವೆಯದಂತೆ ಕಾಯುವ ಆಯಿಲ್ ಕೂಡ ಪೆಟ್ರೋಲಿನಲ್ಲೇ ಬೆರೆತಿರುತ್ತಿತ್ತು.

ತಮ್ಮ ತತ್ವಪದ ಹಾಡುವವನು. ತಂಬೂರಿಯ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಹಾಡುವ ಮೊದಲು ಶ್ರುತಿ ಮಾಡಿಕೊಳ್ಳುವಂತೆ, ಕೆಲಸಕ್ಕೆ ಹೊರಡುವ ಮೊದಲು ಅಂಗಳದಲ್ಲಿ ಗರಗಸವನ್ನು ಎತ್ತಿ ಹಿಡಿದು ಪೂರ್ತಿ ರೇಸ್ ಮಾಡಿ ಕೇಳುತ್ತಿದ್ದ. ದನಿ ಒಡೆದು ಒಡೆದು ಬರುತ್ತಿತ್ತು.

"ಶ್ರುತಿ ಸರಿ ಇಲ್ಲ ಕಣಣ್ಣ. ತೊದಲ್ತದೆ," ಎಂದ.

"ತೊದಲ್ಲಿ ಬಿಡೋ. ನಿನಗೇನು ಅದರ ಜೊತೆ ಪದ ಹಾಡೋದೈತಾ?" ಎಂದ ಅಣ್ಣ. ಅವನಿಗೆ ಮೈಕೈ ನೋವು, ವಾದ ಮಾಡುವ ತ್ರಾಣ ಇರಲಿಲ್ಲ.

ತಮ್ಮ ಬಿಡುವ ಪೈಕಿ ಅಲ್ಲ. ತಿರುಪನ್ನು ಒಂದಿಷ್ಟು ಒಳಕ್ಕೆ ತಿರುಗಿಸಿದ. ಪೆಟ್ರೋಲ್ ಕಡಿಮೆಯಾಯಿತು, ದನಿ ಸ್ವಲ್ಪ ತಿಳಿಯಾಯಿತು. ಮಾರನೆಯ ದಿನ ಇನ್ನೊಂದಿಷ್ಟು. ಹೀಗೆ ತಿರುಗಿಸುತ್ತ ತಿರುಗಿಸುತ್ತ ಒಂದು ದಿನ ಗರಗಸ ಎಲ್ಲೂ ಮುರಿಯದೆ ಒಂದೇ ಎಳೆಯಲ್ಲಿ ಹಾಡಿತು. ಬೀದಿಯವರು ನಿಂತು ಕೇಳಿ ಭೇಷ್ ಎಂದರು. ತಮ್ಮನಿಗೆ ಎದೆ ತುಂಬಿ ಬಂತು.

ಅಂದು ಕೊಯ್ಯಬೇಕಾದದ್ದು ಒಂದು ಹಳೆಯ ಹುಣಸೆಯ ದಿಮ್ಮಿ. ಗರಗಸ ಅರ್ಧದವರೆಗೆ ಹೋಯಿತು. ದನಿ ಇನ್ನೂ ಮೇಲಕ್ಕೇರಿತು, ತೀರಾ ಮೇಲಕ್ಕೇರಿ ನಿಂತುಬಿಟ್ಟಿತು. ಸುಟ್ಟ ವಾಸನೆ ಬಂತು. ಸ್ಟಾರ್ಟ್ ಮಾಡುವ ಹಗ್ಗ ಎಳೆದರೆ ಅಲುಗಲಿಲ್ಲ. ಪೆಟ್ರೋಲಿನ ಜೊತೆ ಆಯಿಲೂ ಕಡಿಮೆಯಾಗಿ ಎಂಜಿನ್ ಒಳಗೇ ಕಚ್ಚಿಕೊಂಡು ಸೀಜ್ ಆಗಿತ್ತು.

ಅಣ್ಣ ಬೈಯಲಿಲ್ಲ. ಮನೆಗೆ ಹೋಗಿ ಹಳೆಯ ಕೈಗರಗಸ ಹೊತ್ತು ತಂದ. ಒಬ್ಬ ಆ ಕಡೆ, ಒಬ್ಬ ಈ ಕಡೆ ಕುಳಿತು ಎಳೆಯತೊಡಗಿದರು. ಬಿದ್ದ ರಟ್ಟೆಗಳನ್ನೇ ಮತ್ತೆ ಎತ್ತಬೇಕಾಯಿತು.

ಬಹಳ ಹೊತ್ತಾದ ಮೇಲೆ ತಮ್ಮ, "ಅಷ್ಟು ಚೆನ್ನಾಗಿ ಹಾಡ್ತಿತ್ತಲ್ಲಣ್ಣ," ಎಂದ.

"ಮೊದ್ಲು ಅದಕ್ಕೆ ಒಂದು ಗುಟುಕು ಪೆಟ್ರೋಲ್ ಜಾಸ್ತಿ ಇತ್ತು, ಅದಕ್ಕೇ ಖಾಲಿ ಗಾಳೀಲಿ ತೊದಲ್ತಿತ್ತು," ಎಂದ ಅಣ್ಣ. "ಮರಕ್ಕೆ ಹಲ್ಲು ತಾಗಿದ ಕೂಡ್ಲೆ ಆ ಗುಟುಕು ಕೆಲಸಕ್ಕೆ ಬರೋದು, ದನಿ ತಾನಾಗೇ ನೆಟ್ಟಗಾಗೋದು. ನೀನು ಅಂಗಳದಾಗೆ ಕೇಳಿದೆ. ಮರದೊಳಗೆ ಒಂದು ದಿನಾನೂ ಕೇಳ್ಲಿಲ್ಲ."

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು.

ಮರುಳಯ್ಯ ಯೋಚಿಸಿ ನೋಡಿದ. ತಲೆ ಭಾರವಾಗಿತ್ತು, ಯೋಚನೆ ದೂರ ಹೋಗಲಿಲ್ಲ. "ಹಾಗಾದರೆ ನಾನು ತಿರುಪನ್ನು ಎಷ್ಟು ಹಿಂದಕ್ಕೆ ತಿರುಗಿಸಬೇಕು, ಬುದ್ಧಿ?" ಎಂದು ಕೇಳಿದ.

"ರೋಗಿಯ ಬಾಯಿಗೆ ಗಂಜಿ ಹಿಡಿದಾಗ ನಿನ್ನ ಮನಸ್ಸು ಎಂದಾದರೂ ತೊದಲಿದ್ದುಂಟೇನಯ್ಯ?" ಎಂದರು ಸ್ವಾಮಿಗಳು.

ಮರುಳಯ್ಯ ಗೋಡೆ ಹಿಡಿದು ಎದ್ದು, ರೋಗಿಗಳ ಗಂಜಿಗೆ ಹೊತ್ತಾಯಿತೆಂದು ಔಷಧಾಲಯದ ಕಡೆ ನಡೆದ.