ಕುಡುಗೋಲು ಕಂಡ ಜೇಕಿನ ಊರು

ಮಲ್ಲಿಗೆ ತೋಟದ ಕುಡುಗೋಲು, ಜೇಕಿನ ಹುಲ್ಲು ತಲೆಯೆತ್ತಿದಾಗಲೆಲ್ಲ ಸರಕ್ಕನೆ ಸವರಿ ಬೀಗುತ್ತಿತ್ತು. ಆದರೂ ಹುಲ್ಲು ದಟ್ಟವಾಗುತ್ತಲೇ ಹೋಯಿತು, ಮಲ್ಲಿಗೆ ಮೊಗ್ಗು ಬಿಡುವುದನ್ನೇ ನಿಲ್ಲಿಸಿತು. ಕಂಗೆಟ್ಟ ಕುಡುಗೋಲು, "ಗುದ್ದಲಿಯಣ್ಣಾ, ಈ ಹುಲ್ಲಿಗೆ ಸಾವೇ ಇಲ್ಲವೇ?" ಎಂದು ಕೇಳಿತು.

"ಒಳಗೆ ನೋಡೋಣ ಬಾ," ಎಂದು ಗುದ್ದಲಿ ಹಸಿ ನೆಲವನ್ನು ಆಳವಾಗಿ ಅಗೆದು ಮಣ್ಣು ಮಗುಚಿತು. ಜೇಕಿನ ಕರಿ ಗಡ್ಡೆಗಳು ದಾರದಂಥ ಬೇರಿನಲ್ಲಿ ಒಂದಕ್ಕೊಂದು ಪೋಣಿಸಿಕೊಂಡು ತೋಟದ ಉದ್ದಕ್ಕೂ ಹಬ್ಬಿದ್ದವು. ಕುಡುಗೋಲು ಬೆರಗಾಗಿ ನಿಂತಿತು.

"ನೀನು ಮೇಲೆ ಸವರಿದಾಗಲೆಲ್ಲ ನಾವು ಇಲ್ಲಿ ಮರಿ ಹಾಕುತ್ತಿದ್ದೆವು," ಎಂದಿತು ಹಿರಿಯ ಗಡ್ಡೆ.

"ಅಬ್ಬಾ! ಇಷ್ಟು ದೊಡ್ಡ ಊರಿನ ಮೇಲೆ ನಿಂತು ನಾನು ಗೆದ್ದೆನೆಂದುಕೊಂಡಿದ್ದೆ," ಎಂದು ಕುಡುಗೋಲು ತಲೆಬಾಗಿತು. ಆಮೇಲೆ ಪಕ್ಕಕ್ಕೆ ಸರಿದು, "ಅಗೆ, ಗುದ್ದಲಿಯಣ್ಣಾ, ಒಂದು ಗಡ್ಡೆಯೂ ಉಳಿಯಬಾರದು. ಆಯ್ದು ಬಿಸಿಲಿಗೆ ಹಾಕುವ ಕೆಲಸ ನನ್ನದು," ಎಂದಿತು.